ಎಕ್ಕದ ಗಿಡ ಮತ್ತು ಅದರ ಆಶ್ರಿತರು

ನಮ್ಮ ಆಡುಮಾತಿನಲ್ಲಿ ‘ಎಕ್ಕುಟ್ಟಿ ಹೋಗಲಿ’ ಎಂಬ ಬೈಗುಳವೊಂದುಂಟು. ‘ಎಕ್ಕ ಹುಟ್ಟಿ ಹೋಗಲಿ’ ಎಂಬ ಮಾತೇ ಬಾಯಿಂದ ಬಾಯಿಗೆ ಸವೆದು ಈ ರೂಪವನ್ನು ತಳೆದಿದೆಯೆಂದು ಹೇಳುತ್ತಾರೆ. ಗೋಡೆ ಕುಸಿದು, ಒಲೆ ಆರಿ, ದೀಪ ಹಚ್ಚುವವರಿಲ್ಲದ ಮನೆಯ ಅಂಗಳದಲ್ಲಿ ಮೊದಲು ತಲೆಯೆತ್ತುವ ಗಿಡಗಳಲ್ಲಿ ಎಕ್ಕವೂ ಒಂದು. ಆದುದರಿಂದ ಅದು ಹಾಳಿನ ಗುರುತಾಯಿತು. ಆದರೆ ಅದೇ ಗಿಡದ ಎಲೆಗಳನ್ನು ರಥಸಪ್ತಮಿಯಂದು ತಲೆ ಭುಜಗಳ ಮೇಲಿರಿಸಿಕೊಂಡು ಮೀಯುವವರೂ ನಾವೇ. ಅದರ ಹೂವನ್ನು ಶಿವನಿಗೆ ಏರಿಸುವವರೂ, ಶನಿವಾರ ಹನುಮಂತನಿಗೆ ಅದರ ಮಾಲೆ ತೊಡಿಸುವವರೂ ನಾವೇ. ಕಾಲಲ್ಲಿ ಮುಳ್ಳು ಮುರಿದರೆ ಎಕ್ಕದ ಹಾಲು ಹಚ್ಚುವ ರೂಢಿಯೂ ಹಳ್ಳಿಗಳಲ್ಲಿದೆ. ಶಾಪಕ್ಕೂ ಪೂಜೆಗೂ ಒಂದೇ ಗಿಡವನ್ನು ಬಳಸಿಕೊಂಡ ಜನ ಅದನ್ನು ಬಗ್ಗಿ ನೋಡಿದ್ದು ಮಾತ್ರ ಕಡಿಮೆಯೆಂದೇ ಹೇಳಬೇಕು.

ಹಾಗೆ ಬಗ್ಗಿ ನೋಡಲು ಈಗ ಕಾರಣವೊಂದು ಒದಗಿದೆ. ನಮ್ಮ ಶಾಲೆಯ ಹಿಂಬದಿಯ ಬಯಲಿಗೆ ದಾನಿಗಳ ಔದಾರ್ಯದಿಂದ ಆವರಣದ ಗೋಡೆ ಬರಲಿದೆ. ಒಳಗೆ ಹುಲ್ಲುಹಾಸು, ಹೂವಿನ ಮಡಿಗಳು ಏಳಲಿವೆ. ಸಂತೋಷದ ವಿಷಯವೇ. ಆದರೆ ಆ ಬಯಲಿನಲ್ಲಿ ಈಗಾಗಲೇ ಹೂಬಿಡುತ್ತಿರುವ ಗಿಡ ಎಕ್ಕ. ಅದನ್ನು ಬುಡಸಹಿತ ಕಿತ್ತು ನೆಲವನ್ನು ಹಸನು ಮಾಡುವ ಮುನ್ನ ಅಲ್ಲಿ ಯಾರು ಯಾರು ವಾಸವಾಗಿದ್ದಾರೆ, ಅವರಲ್ಲಿ ಬೇರೆಡೆಗೆ ಹೋಗಬಲ್ಲವರೆಷ್ಟು, ಹೋಗಲಾರದವರೆಷ್ಟು ಎಂಬುದನ್ನು ತಿಳಿಯುವುದು ವಿದ್ಯಾಸಂಸ್ಥೆಯೊಂದಕ್ಕೆ ತಕ್ಕ ಕೆಲಸ.

ಮೊದಲು ಗಿಡದ ಪರಿಚಯ. ನಮ್ಮ ನಾಡಿನಲ್ಲಿ ಎಕ್ಕ ಎರಡು ಬಗೆ. ದೊಡ್ಡ ಎಕ್ಕದ ಹೂವಿನ ದಳಗಳು ಅಗಲವಾಗಿ ಬಿಚ್ಚಿಕೊಂಡಿರುತ್ತವೆ. ಬಣ್ಣ ತಿಳಿನೇರಳೆ ಅಥವಾ ಬಿಳಿ. ಜನ ಅರಸಿ ತರುವ ಬಿಳಿ ಎಕ್ಕ ಬೇರೆ ಜಾತಿಯಲ್ಲ, ಇದರದೇ ಒಂದು ಬಣ್ಣ. ಉತ್ತರದ ಒಣ ಜಿಲ್ಲೆಗಳಲ್ಲಿ ಕಾಣುವ ಇನ್ನೊಂದು ಬಗೆಯಲ್ಲಿ ಹೂ ಚಿಕ್ಕದು, ದಳಗಳು ಬಟ್ಟಲಿನಂತೆ ನೆಟ್ಟಗಿದ್ದು ತುದಿಯಲ್ಲಿ ಕಡುನೇರಳೆ ಬಣ್ಣ ಹೊಂದಿರುತ್ತವೆ. ಶಾಸ್ತ್ರದಲ್ಲಿ ಮೊದಲನೆಯದು ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯ, ಎರಡನೆಯದು ಕ್ಯಾಲೊಟ್ರೋಪಿಸ್ ಪ್ರೋಸೆರ. ಸುಂದರವಾದ ದೋಣಿತಳ ಎಂಬರ್ಥದ ಗ್ರೀಕ್ ಪದಗಳಿಂದ ಈ ಕುಲನಾಮವನ್ನು ಕಟ್ಟಿದವನು ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ಹೂವಿನ ನಡುವೆ ಎದ್ದು ನಿಂತ ಐದು ಕಿರೀಟಖಂಡಗಳನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ಹೊಳೆಯುತ್ತದೆ.

ಆ ಕಿರೀಟದ ನಡುವಿರುವುದೇ ಎಕ್ಕದ ಹೂವಿನ ಮರ್ಮ. ದಾಸವಾಳದಲ್ಲಿ ಕೇಸರಗಳಾವುವು, ಶಲಾಕಾಗ್ರವಾವುದು ಎಂಬುದನ್ನು ಐದನೆಯ ತರಗತಿಯ ಹುಡುಗನೂ ತೋರಿಸಬಲ್ಲ. ಎಕ್ಕದಲ್ಲಿ ಅವೆಲ್ಲ ಕೂಡಿಕೊಂಡು ಐದು ಮೂಲೆಯ ಒಂದು ಕಂಬವಾಗಿವೆ. ಪರಾಗವು ಪುಡಿಯಾಗಿ ಉದುರುವುದಿಲ್ಲ. ನೂರಾರು ಕಣಗಳು ಅಂಟಿಕೊಂಡು ಚಪ್ಪಟೆಯಾದ ಮೇಣದ ಬಿಲ್ಲೆಯಂತಾಗಿರುತ್ತವೆ. ಇದಕ್ಕೆ ಪರಾಗಪಿಂಡವೆಂದು ಹೆಸರು. ಅಕ್ಕಪಕ್ಕದ ಎರಡು ಕೇಸರಗಳಿಂದ ಒಂದೊಂದು ಪಿಂಡ ಬಂದು, ಎರಡು ಸಣ್ಣ ತೋಳುಗಳ ಮೂಲಕ ಕಂದುಕಪ್ಪು ಬಣ್ಣದ ಒಂದು ಪುಟ್ಟ ಕೊಂಡಿಗೆ ಜೋತುಬಿದ್ದಿರುತ್ತದೆ. ನೆಗಿಲಿನ ಎರಡು ಬದಿಗೆ ಎರಡು ಚೀಲ ತೂಗುಹಾಕಿದಂತೆ. ಒಂದು ಹೂವಿನಲ್ಲಿ ಇಂಥ ಐದು ಜೋಡಿಗಳು. ಕೊಂಡಿಯ ಕೆಳಗೆ ಕಿರಿದಾದ ಸೀಳು. ಸೀಳಿನೊಳಗೆ ಕಾಲಿಟ್ಟ ಕೀಟ ಕಾಲನ್ನು ಮೇಲಕ್ಕೆಳೆದುಕೊಂಡಾಗ ಕೊಂಡಿಯ ಬಿರುಕಿನಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಬಲವಾಗಿ ಜಗ್ಗಿದರೆ ಕೊಂಡಿ, ತೋಳು, ಪಿಂಡ ಮೂರೂ ಕಿತ್ತು ಬರುತ್ತವೆ. ಆ ಕೀಟವು ಮತ್ತೊಂದು ಹೂವಿಗೆ ಹೋಗಿ ಅಂಥದೇ ಸೀಳಿನಲ್ಲಿ ಕಾಲಿಟ್ಟರೆ ಪಿಂಡ ಅಲ್ಲಿ ಸಿಲುಕಿ ಮುರಿಯುತ್ತದೆ. ಆಗ ಮಾತ್ರ ಎಕ್ಕ ಕಾಯಿ ಕಟ್ಟೀತು. ಗೊಂಚಲು ಗೊಂಚಲಾಗಿ ಹೂಬಿಟ್ಟ ಗಿಡದಲ್ಲಿ ಕಾಯಿಗಳು ಬೆರಳೆಣಿಕೆಯಷ್ಟೇ ಇರುವುದಕ್ಕೆ ಈ ಇಕ್ಕಟ್ಟಾದ ಏರ್ಪಾಡೂ ಒಂದು ಕಾರಣ.

ಪ್ರಸಂಗವಶಾತ್ ಒಂದು ಮಾತು. ಜೀವಕೋಶದ ನಡುವಿನ ಬೀಜಕೇಂದ್ರಕ್ಕೆ ‘ನ್ಯೂಕ್ಲಿಯಸ್’ ಎಂಬ ಹೆಸರನ್ನಿತ್ತವನು ಇದೇ ರಾಬರ್ಟ್ ಬ್ರೌನ್. ೧೮೩೧ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಅವನು ಓದಿದ ಪ್ರಬಂಧದ ವಿಷಯ ಆರ್ಕಿಡ್ ಗಿಡಗಳಲ್ಲಿಯೂ ಎಕ್ಕದ ವರ್ಗದ ಗಿಡಗಳಲ್ಲಿಯೂ ಗರ್ಭಾಧಾನ ನಡೆಯುವ ಬಗೆ. ಇಂದು ಪ್ರತಿಯೊಂದು ಜೀವವಿಜ್ಞಾನ ಪಠ್ಯದಲ್ಲಿಯೂ ಇರುವ ಆ ಹೆಸರು ಇಂಥ ಹೂಗಳ ಬೆನ್ನು ಹತ್ತಿದವನಿಂದ ಬಂತೆಂಬುದನ್ನು ಅಧ್ಯಾಪಕರು ಮಕ್ಕಳಿಗೆ ಹೇಳುವುದು ಒಳ್ಳೆಯದು.

ಕೊಂಡಿಯಿಂದ ಕಾಲನ್ನು ಕಿತ್ತುಕೊಳ್ಳುವ ಬಲವುಳ್ಳ ಕೀಟ ಯಾವುದು? ನಮ್ಮಲ್ಲಿ ಅದು ಮುಖ್ಯವಾಗಿ ಬಡಗಿ ದುಂಬಿ. ಮಿರಮಿರನೆ ಹೊಳೆಯುವ ಕರಿಯ ಮೈ, ನೀಲಿ ನೇರಳೆ ಛಾಯೆಯ ರೆಕ್ಕೆ, ಹೆಬ್ಬೆರಳಿನ ಗಾತ್ರ. ಒಣಮರದ ತೊಲೆಯಲ್ಲಿ, ಬಿದಿರಿನ ಗಳುವಿನಲ್ಲಿ ಅಚ್ಚುಕಟ್ಟಾಗಿ ದುಂಡನೆಯ ತೂತು ಕೊರೆದು, ಒಳಗೆ ಕೋಣೆಗಳನ್ನು ಬೇರ್ಪಡಿಸಿ, ಪ್ರತಿ ಕೋಣೆಯಲ್ಲಿ ಪರಾಗದ ಉಂಡೆಯೊಂದನ್ನಿಟ್ಟು ಅದರ ಮೇಲೆ ಒಂದು ಮೊಟ್ಟೆ ಇಡುತ್ತದೆ. ಇದರ ಗುಂಯ್‌ಗುಟ್ಟುವಿಕೆಗೆ ಮಕ್ಕಳು ಬೆದರುವುದುಂಟು. ಗಂಡಿಗೆ ಕೊಂಡಿಯೇ ಇಲ್ಲ, ಹೆಣ್ಣು ಹಿಡಿದು ಹಿಸುಕಿದ ಹೊರತು ಚುಚ್ಚುವುದು ಅಪರೂಪ. ಚಿಕ್ಕ ಜೇನುನೊಣಗಳೂ ಇರುವೆಗಳೂ ಎಕ್ಕದ ಮಧುವಿಗೆ ಬರುತ್ತವೆ. ಉಂಡು ಹೋಗುತ್ತವೆಯೇ ಹೊರತು ಊಟದ ಋಣ ತೀರಿಸುವ ಶಕ್ತಿ ಅವುಗಳ ಕಾಲಿಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಕ್ಕದಿಂದ ದುಂಬಿಗೆ ದೊರೆಯುವುದು ಮಧು ಮಾತ್ರ. ಮೇಣದಂಥ ಪಿಂಡ ಅದರ ಮರಿಗೆ ಆಹಾರವಾಗದು. ಮರಿಗೆ ಬೇಕಾದ ಪರಾಗವನ್ನು ಅದು ತಂಗಡಿಯ ಹಳದಿ ಹೂವಿನಿಂದಲೋ ಬದನೆಯ ಹೂವಿನಿಂದಲೋ ತರಬೇಕು. ಅಂದರೆ ದುಂಬಿ ಎಕ್ಕವೊಂದನ್ನೇ ನಂಬಿದ ಜೀವಿಯಲ್ಲ. ಆದರೆ ಎಕ್ಕದ ಸ್ಥಿತಿ ಹಾಗಲ್ಲ. ದುಂಬಿ ಬಾರದಿದ್ದರೆ ಅದಕ್ಕೆ ಸಂತತಿಯೇ ಇಲ್ಲವೆನ್ನುವಷ್ಟು ಕಷ್ಟ. ಆದುದರಿಂದ ಎಕ್ಕ ವರ್ಷದ ಬಹುಪಾಲು ಹೂಬಿಡುತ್ತಲೇ ಇರುತ್ತದೆ. ಚೈತ್ರ ವೈಶಾಖಗಳ ಬಿಸಿಲಿಗೆ ಎರೆಹೊಲಗಳು ಬಿರಿದು, ಹಸಿರೆಂಬುದು ಕಣ್ಣಿಗೆ ಬೀಳದಿರುವಾಗಲೂ ರಸ್ತೆಯ ಬದಿಯ ಎಕ್ಕದಲ್ಲಿ ಮಧುವಿರುತ್ತದೆ. ಹೀಗೆ ಬೇಸಿಗೆ ಕಳೆದ ದುಂಬಿಗಳ ಪೀಳಿಗೆಯೇ ಮುಂದೆ ತೊಗರಿ ಹೂಬಿಟ್ಟಾಗ ಹೊಲಕ್ಕಿಳಿಯುತ್ತದೆ. ತೊಗರಿ ತನ್ನಷ್ಟಕ್ಕೆ ಕಾಯಿ ಕಟ್ಟಬಲ್ಲದಾದರೂ ಅದರ ಹೂವಿನಿಂದ ಹೂವಿಗೆ ಪರಾಗ ಸಾಗಿಸುವವರಲ್ಲಿ ಬಡಗಿ ದುಂಬಿಯೂ ಒಂದು. ಬದುವಿನ ಎಕ್ಕಕ್ಕೆ ಕಳೆನಾಶಕ ಹೊಡೆಯುವ ರೈತಬಾಂಧವರು ಇದನ್ನು ಗಮನಿಸಬೇಕು.

ಹೂವಿನ ಕಥೆ ಹೀಗಾದರೆ ಎಲೆಯ ಕಥೆ ಬೇರೆ. ಎಕ್ಕದ ಎಲೆಯನ್ನು ಎಲ್ಲಿ ಚಿವುಟಿದರೂ ಹಾಲು ಒಸರುತ್ತದೆ. ಈ ಹಾಲಿನಲ್ಲಿ ಕ್ಯಾಲೊಟ್ರೋಪಿನ್ ಮೊದಲಾದ ವಿಷಗಳಿವೆ. ಹೃದ್ರೋಗಕ್ಕೆ ಕೊಡುವ ಡಿಜಿಟ್ಯಾಲಿಸ್ ಔಷಧದ ವರ್ಗಕ್ಕೆ ಸೇರಿದವು ಇವು. ಪ್ರಾಣಿಗಳ ಜೀವಕೋಶದ ಪೊರೆಯಲ್ಲಿ ಸೋಡಿಯಂ ಅನ್ನು ಹೊರದೂಡಿ ಪೊಟ್ಯಾಸಿಯಂ ಅನ್ನು ಒಳಸೇದುವ ಒಂದು ‘ಪಂಪು’ ಇದೆ. ಇದನ್ನು ೧೯೫೭ರಲ್ಲಿ ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ೧೯೯೭ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಎಕ್ಕದ ವಿಷ ಈ ಪಂಪಿಗೇ ಬಂದು ಮೆಟ್ಟಿಕೊಂಡು ಅದನ್ನು ನಿಲ್ಲಿಸುತ್ತದೆ. ವಿಷದ ಜೊತೆಗೆ ಹಾಲಿನ ಅಂಟೂ ಉಂಟು. ಎಲೆ ಕಚ್ಚಿದ ಸಣ್ಣ ಹುಳುವಿನ ಬಾಯಿಯೇ ಮೆತ್ತಿಹೋಗುತ್ತದೆ. ಏನು ಸಿಕ್ಕರೂ ಮೇಯುವ ಆಡು ಕೂಡ ಹಸಿಯೆಲೆಗೆ ಸಾಮಾನ್ಯವಾಗಿ ಬಾಯಿ ಹಾಕದಿರುವುದಕ್ಕೆ ಇದೇ ಕಾರಣ.

ಬೇರೆಯವರು ಮುಟ್ಟದ ಈ ಎಲೆಯೇ ಕೆಲವರಿಗೆ ತುಂಬಿದ ಕಣಜ. ಅವರಲ್ಲಿ ಮೊದಲಿಗ ‘ಪ್ಲೇನ್ ಟೈಗರ್’ ಎಂಬ ಕಿತ್ತಳೆ ಬಣ್ಣದ ಚಿಟ್ಟೆ. ಮುಂರೆಕ್ಕೆಯ ತುದಿ ಕಪ್ಪು, ಕಪ್ಪಿನಲ್ಲಿ ಬಿಳಿಯ ಪಟ್ಟೆ. ಆತುರವಿಲ್ಲದೆ, ಯಾರ ಭಯವೂ ಇಲ್ಲದವರಂತೆ, ತಗ್ಗಿನಲ್ಲಿ ತೇಲುತ್ತ ಹಾರುತ್ತದೆ. ಹೆಣ್ಣು ಒಂದೊಂದೇ ಮೊಟ್ಟೆಯನ್ನು ಹೆಚ್ಚಾಗಿ ಎಲೆಯ ತಳಬದಿಯಲ್ಲಿ ಅಂಟಿಸುತ್ತದೆ. ಹೊರಬಂದ ಮರಿ ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿನ್ನುತ್ತದೆ. ಬೆಳೆದ ಮರಿಹುಳುವಿನ ಮೈಮೇಲೆ ಕಪ್ಪು ಬಿಳಿ ಉಂಗುರಗಳು, ಹಳದಿ ಚುಕ್ಕೆಗಳು, ಬೆನ್ನಿನ ಮೇಲೆ ಕರಿಯ ಎಳೆಗಳ ಮೂರು ಜೋಡಿ. ಈ ಮರಿ ಹಾಲನ್ನು ಗೆಲ್ಲುವ ಉಪಾಯ ನೋಡತಕ್ಕದ್ದು. ತಿನ್ನುವ ಮೊದಲು ಎಲೆಯ ನರವನ್ನು ಕಚ್ಚಿ ಕತ್ತರಿಸುತ್ತದೆ; ಹಾಲು ಅಲ್ಲಿಯೇ ಸೋರಿಹೋಗುತ್ತದೆ; ಕಡಿದ ಜಾಗದಿಂದ ಆಚೆಗೆ, ಹಾಲು ಇಳಿದ ಭಾಗದಲ್ಲಿ ಕುಳಿತು ಊಟ ಮಾಡುತ್ತದೆ. ಮಡೆ ಕಟ್ಟಿ ನೀರು ತಿರುಗಿಸುವ ರೈತನ ಬುದ್ಧಿಯೇ ಇದು. ಹಾಲಿನ ಗಿಡಗಳನ್ನು ತಿನ್ನುವ ಹಲವು ಕೀಟಗಳು ಹೀಗೆ ಮಾಡುವುದನ್ನು ಅಮೆರಿಕದ ಡೇವಿಡ್ ಡುಸೋರ್ಡ್ ಮತ್ತು ಥಾಮಸ್ ಐಸ್ನರ್ ೧೯೮೭ರಲ್ಲಿ ವಿವರಿಸಿದರು.

ಹಾಲು ತಗ್ಗಿದರೂ ವಿಷ ಪೂರ್ತಿ ತಪ್ಪುವುದಿಲ್ಲ. ಅದಕ್ಕೆ ಮರಿಯ ದೇಹದಲ್ಲಿಯೇ ಬೇರೆ ಸಿದ್ಧತೆಯಿದೆ. ೧೯೬೦ರ ದಶಕದಲ್ಲಿ ಲಿಂಕನ್ ಬ್ರೋವರ್ ಎಂಬ ವಿಜ್ಞಾನಿ ಈ ಚಿಟ್ಟೆಯ ಅಮೆರಿಕದ ಬಂಧುವಾದ ಮೊನಾರ್ಕ್ ಚಿಟ್ಟೆಯನ್ನು ನೀಲಿ ಜೇ ಪಕ್ಷಿಗಳಿಗೆ ತಿನ್ನಿಸಿದರು. ಹಕ್ಕಿ ತಿಂದು ವಾಂತಿ ಮಾಡಿಕೊಂಡಿತು. ಮತ್ತೆ ಅಂಥ ಚಿಟ್ಟೆಯನ್ನು ಕಂಡರೆ ಮುಟ್ಟಲಿಲ್ಲ. ಮರಿ ತಿಂದ ಗಿಡದ ವಿಷ ಚಿಟ್ಟೆಯ ಮೈಯಲ್ಲಿ ಉಳಿದಿತ್ತು. ನಮ್ಮ ಚಿಟ್ಟೆಯ ವಿಷಯದಲ್ಲಿ ಎಲ್ಲವೂ ಒಂದೇ ಪ್ರಮಾಣದ ವಿಷ ಹೊತ್ತಿರುವುದಿಲ್ಲವೆಂದು ಅನಂತರ ತಿಳಿದುಬಂದಿದೆ. ಕೆಲವು ಹೆಚ್ಚು, ಕೆಲವು ತೀರ ಕಡಿಮೆ. ಬಣ್ಣ ಒಂದೇ ಆದುದರಿಂದ ಹಕ್ಕಿ ಎರಡನ್ನೂ ಬಿಟ್ಟುಬಿಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೈಪೊಲಿಮ್ನಾಸ್ ಮಿಸಿಪಸ್ ಎಂಬ ಇನ್ನೊಂದು ಚಿಟ್ಟೆಯಿದೆ. ಗಂಡು ಕಪ್ಪು, ರೆಕ್ಕೆಗಳ ಮೇಲೆ ದೊಡ್ಡ ಬಿಳಿಯ ಬೊಟ್ಟುಗಳು. ಹೆಣ್ಣು ಮಾತ್ರ ಎಕ್ಕದ ಚಿಟ್ಟೆಯ ತದ್ರೂಪು. ಇದರ ಮರಿಗೆ ಎಕ್ಕ ಬೇಡ, ಗೋಣಿಸೊಪ್ಪಿನಂಥ ಸಾಧು ಸಸ್ಯಗಳು ಸಾಕು. ಮೈಯಲ್ಲಿ ಎಕ್ಕದ ವಿಷದ ಹನಿಯೂ ಇಲ್ಲ. ಎಕ್ಕದ ಎಲೆಯನ್ನು ಮುಟ್ಟದೆಯೇ ಎಕ್ಕದ ಹೆಸರಿನಲ್ಲಿ ಬದುಕುವ ಜೀವಿ! ಈ ವೇಷ ಫಲಿಸಬೇಕಾದರೆ ನಿಜವಾದ ವಿಷದ ಚಿಟ್ಟೆ ಊರಿನಲ್ಲಿ ಸಾಕಷ್ಟಿರಬೇಕು. ಹಕ್ಕಿಗಳು ಅದರಿಂದ ಪಾಠ ಕಲಿತಿರಬೇಕು. ಎಕ್ಕ ಹೋದರೆ ಎಕ್ಕವನ್ನೇ ತಿನ್ನದ ಈ ಚಿಟ್ಟೆಗೂ ಆಪತ್ತು.

ಮಳೆಗಾಲದಲ್ಲಿ ಎಕ್ಕದ ಮೇಲೆ ನೀಲಿ ಹಸಿರು, ಹಳದಿ ಪಟ್ಟೆಗಳ ಠೀವಿಯ ಮಿಡತೆಯೊಂದು ಕಾಣುತ್ತದೆ. ಇತರ ಮಿಡತೆಗಳು ಹುಲ್ಲಿನಲ್ಲಿ ಹುಲ್ಲಾಗಿ ಅಡಗಿದರೆ ಇದು ಜಾತ್ರೆಯ ಬೊಂಬೆಯಂತೆ ಬಹಿರಂಗವಾಗಿ ಕುಳಿತಿರುತ್ತದೆ. ರೆಕ್ಕೆ ಬಲಿಯದ ಮರಿಮಿಡತೆಯನ್ನು ಹಿಡಿದರೆ ಅದು ಕೆಟ್ಟ ದ್ರವವೊಂದನ್ನು ಪಿಚಕಾರಿಯಂತೆ ಚಿಮ್ಮಿಸುತ್ತದೆ. ಎಳೆಯ ಕುಡಿಗಳಿಗೆ ಮುತ್ತಿಕೊಂಡಿರುವ, ಅರಿಶಿನದಷ್ಟು ಹಳದಿಯಾದ, ಕಾಲುಗಳು ಮಾತ್ರ ಕಪ್ಪಾದ ಹೇನುಗಳದು ಇನ್ನೊಂದು ಮಾರ್ಗ. ಅವು ಎಲೆಯನ್ನು ಕಡಿಯುವುದಿಲ್ಲ. ಸೂಜಿಯಂಥ ಬಾಯಿಯನ್ನು ಇಳಿಬಿಟ್ಟು ಸಸ್ಯರಸವನ್ನು ಹೀರುತ್ತವೆ. ಸಾಮಾನ್ಯವಾಗಿ ಕಾಣುವವೆಲ್ಲ ಹೆಣ್ಣುಗಳೇ. ಗಂಡಿನ ಹಂಗಿಲ್ಲದೆ ಮರಿ ಹಾಕುತ್ತವೆ. ಅವು ಸೂಸುವ ಸಿಹಿಗೆ ಇರುವೆ, ಅವುಗಳನ್ನು ತಿನ್ನಲು ಗುಲಗಂಜಿ ಹುಳು, ಅವುಗಳ ಮೈಯೊಳಗೆ ಮೊಟ್ಟೆಯಿಡಲು ಸೊಳ್ಳೆಗಿಂತ ಚಿಕ್ಕದಾದ ಕಣಜ! ಒಂದು ಗೇಣುದ್ದದ ಕುಡಿಯಲ್ಲಿ ಒಂದು ಪೇಟೆಯೇ ನೆರೆದಿರುತ್ತದೆ.

ಚಿಟ್ಟೆ, ದುಂಬಿ, ತಿಗಣೆಗಳು ಒಂದಕ್ಕೊಂದು ಹತ್ತಿರದ ನಂಟಿಲ್ಲದ ಕೀಟಗಣಗಳು. ಆದರೂ ಇಂಥ ಹಾಲಿನ ಗಿಡಗಳನ್ನು ತಿಂದು ಬದುಕುವ ಹಲವು ಜಾತಿಗಳ ಪಂಪನ್ನು ಪರೀಕ್ಷಿಸಿದಾಗ, ವಿಷ ಬಂದು ಮೆಟ್ಟಿಕೊಳ್ಳುವ ಸ್ಥಳದಲ್ಲಿಯೇ, ಎಷ್ಟೋ ವೇಳೆ ಅದೇ ಒಂದು ಅಮೈನೊ ಆಮ್ಲವೇ ಬದಲಾಗಿರುವುದು ಕಂಡುಬಂತು. ಈ ಸಂಶೋಧನೆಗಳು ಪ್ರಕಟವಾದದ್ದು ೨೦೧೨ರಲ್ಲಿ. ಒಬ್ಬರ ಮುಖ ಒಬ್ಬರು ನೋಡದ ಹಲವು ಅಕ್ಕಸಾಲಿಗರು ಒಂದೇ ಬೀಗಕ್ಕೆ ಒಂದೇ ಬಗೆಯ ಕೀಲಿ ಮಾಡಿದಂತಾಯಿತು. ಜೀವವಿಕಾಸವನ್ನು ಪಾಠ ಹೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದುರ್ಲಭ. ಅದು ನಮ್ಮ ಹಿತ್ತಿಲಿನಲ್ಲಿಯೇ ಬೆಳೆದು ನಿಂತಿದೆ.

ಇನ್ನು ಕಾಯಿಯ ವಿಚಾರ. ಎಕ್ಕದ ಕಾಯಿಯನ್ನು ಒಡೆದರೆ ಬೆಳ್ಳನೆಯ ರೇಷ್ಮೆಯ ಎಳೆಗಳಿಗೆ ಅಂಟಿದ ನೂರಾರು ಬೀಜಗಳು ಮೀನಿನ ಹುರುಪೆಯಂತೆ ಒತ್ತೊತ್ತಾಗಿ ಜೋಡಿಸಿರುತ್ತವೆ. ಗಾಳಿಗೆ ತೇಲಿದಾಗ ಮಕ್ಕಳು ಇದನ್ನೇ ಅಜ್ಜನ ಗಡ್ಡವೆಂದು ಹಿಡಿಯಲು ಓಡುತ್ತಾರೆ. ಈ ಬೀಜಗಳನ್ನೇ ನಂಬಿದ ಎರಡು ಕೀಟಗಳು ಭಾರತದಲ್ಲಿವೆ: ಒಂದು ಡೇಕಸ್ ಪರ್ಸಿಕಸ್ ಎಂಬ ಹಣ್ಣುನೊಣ, ಮತ್ತೊಂದು ಪ್ಯಾರಮೆಕಾಪ್ಸ್ ಫ್ಯಾರಿನೋಸಸ್ ಎಂಬ ಸೊಂಡಿಲಿನಂಥ ಮೂತಿಯ ದುಂಬಿ. ಎರಡೂ ಎಳೆಗಾಯಿಯಲ್ಲಿ ಮೊಟ್ಟೆಯಿಡುತ್ತವೆ; ಮರಿಗಳು ಬೀಜವನ್ನು ತಿಂದು ಬೆಳೆಯುತ್ತವೆ. ಮಾವಿನ ಹಣ್ಣುನೊಣಕ್ಕೆ ಪೇರಲವಾದರೂ ನಡೆದೀತು. ಈ ಎರಡಕ್ಕೆ ಎಕ್ಕದ ಹೊರತು ಗತಿಯಿಲ್ಲ.

ಬೀಜ ತಿನ್ನುವುದು ಗಿಡಕ್ಕೆ ದ್ರೋಹವಲ್ಲವೇ ಎಂದು ಕೇಳಬಹುದು. ಅದಕ್ಕೆ ಉತ್ತರ ಆಸ್ಟ್ರೇಲಿಯದಲ್ಲಿದೆ. ಚಿಕ್ಕ ಹೂವಿನ ಎಕ್ಕ ಆ ಖಂಡದ ಉತ್ತರ ಭಾಗಕ್ಕೆ ಹೊರಗಿನಿಂದ ಹೋಗಿ ಸೇರಿ, ದನಗಳ ಹುಲ್ಲುಗಾವಲುಗಳಲ್ಲಿ ಹಬ್ಬಿ, ದೊಡ್ಡ ಕಳೆಯಾಗಿ ಪರಿಣಮಿಸಿದೆ. ಗಿಡ ಹೋಯಿತು, ಅದರ ಬೀಜಭಕ್ಷಕರು ಹೋಗಲಿಲ್ಲ. ಕಳೆಯನ್ನು ಹತೋಟಿಗೆ ತರಲು ಅಲ್ಲಿಯ ವಿಜ್ಞಾನಿಗಳು ಮುಖ್ಯವಾಗಿ ಗಮನಹರಿಸಿದ್ದು ಭಾರತ ಉಪಖಂಡದ ಈ ಹಣ್ಣುನೊಣ ಮತ್ತು ಸೊಂಡಿಲ ದುಂಬಿಗಳ ಕಡೆಗೇ. ನಾವು ಹೆಸರನ್ನೂ ಕೇಳದ, ಕಂಡರೆ ಕಾಲಲ್ಲಿ ಹೊಸಕಿಬಿಡುವ ಹುಳುಗಳನ್ನು ಅರಸಿ ಸಮುದ್ರದಾಚೆಯವರು ಬರುತ್ತಾರೆಂದರೆ ಅವು ಇಲ್ಲಿ ಸದ್ದಿಲ್ಲದೆ ಮಾಡುತ್ತಿರುವ ಕೆಲಸವೇನೆಂಬುದು ತಿಳಿಯುತ್ತದೆ.

ಹೀಗೆ ಆಶ್ರಿತರಲ್ಲಿಯೂ ತರತಮವಿದೆ. ಬಡಗಿ ದುಂಬಿ ಬಂದುಹೋಗುವ ಅತಿಥಿ. ಎಕ್ಕವಿಲ್ಲದ ಕಡೆ ಅದಕ್ಕೆ ಬೇಸಿಗೆ ಕಷ್ಟವಾದರೂ ಬದುಕು ನಿಲ್ಲದು. ಚಿಟ್ಟೆಯ ಮರಿಗೆ ಎಕ್ಕದ ನೆಂಟರಾದ ಕೆಲವು ಹಾಲುಬಳ್ಳಿಗಳು ಆದೀತು. ಆದರೆ ಊರಿನ ಆಸುಪಾಸಿನಲ್ಲಿ ಅವೂ ಬೇಲಿಗಳೊಡನೆ ಕಡಿಮೆಯಾಗುತ್ತಿವೆ. ಬೀಜದ ನೊಣ ಮತ್ತು ಸೊಂಡಿಲ ದುಂಬಿಗಳಿಗೆ ಎರಡನೆಯ ಮನೆಯೆಂಬುದಿಲ್ಲ. ಗುಲಾಬಿ, ಕ್ರೋಟನ್, ಪರದೇಶದ ಹುಲ್ಲುಗಳಿಂದ ತುಂಬಿದ ಉದ್ಯಾನ ಕಣ್ಣಿಗೆ ಹಿತವಾಗಿರಬಹುದು. ಮೇಲೆ ಹೇಳಿದ ಯಾರೊಬ್ಬರ ಮರಿಗೂ ಅಲ್ಲಿ ಒಂದು ಹೊತ್ತಿನ ಊಟವಿಲ್ಲ.

ಆದುದರಿಂದ ಆಡಳಿತ ಮಂಡಳಿಯವರಲ್ಲಿಯೂ, ಉದಾರ ದಾನಿಗಳಲ್ಲಿಯೂ ವಿನಂತಿ ಇಷ್ಟೇ: ಉದ್ಯಾನ ಆಗಲಿ, ಉತ್ತರದ ಗೋಡೆಯ ಉದ್ದಕ್ಕೂ ಹತ್ತು ಹೆಜ್ಜೆ ಅಗಲದ ಪಟ್ಟಿಯೊಂದನ್ನು ಎಕ್ಕಕ್ಕೆ ಬಿಡೋಣ. ನೀರು, ಗೊಬ್ಬರ, ಮಾಲಿ ಯಾವುದೂ ಬೇಡ. ಗಿಡಗಳು ತೀರ ಒಡ್ಡೊಡ್ಡಾಗಿ ಬೆಳೆದರೆ ಒಂದೇ ಬಾರಿಗೆ ಎಲ್ಲವನ್ನೂ ಕಡಿಯದೆ ಮೂರರಲ್ಲಿ ಒಂದು ಪಾಲನ್ನು ಸರದಿಯಂತೆ ಕಡಿದರೆ ಸಾಕು. ಬುಡದಿಂದ ಮತ್ತೆ ಚಿಗುರುತ್ತದೆ, ಎಳೆಯೆಲೆಯೂ ಮೊಟ್ಟೆಯಿಡುವ ಚಿಟ್ಟೆಗೆ ಒದಗುತ್ತದೆ.

ಅಧ್ಯಾಪಕರಿಗೆ ಒಂದು ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು. ಬಿದ್ದಾಗ ಹೆಚ್ಚು ನೋಯದೆಯೇ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಬಾತು ದೃಷ್ಟಿ ಮಂಜಾಗುವುದುಂಟು. ನೋವಿಲ್ಲವೆಂದು ಅಲಕ್ಷ್ಯ ಮಾಡದೆ ಕೂಡಲೇ ಧಾರಾಳ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಕ್ಕಳು ಎಲೆ ಕೀಳದೆ, ಗಿಡದಲ್ಲಿಯೇ ನೋಡುವುದು ಲೇಸು. ಪ್ರತಿ ತಂಡಕ್ಕೆ ಒಂದು ಗಿಡವನ್ನು ಗೊತ್ತುಮಾಡಿ, ಟೊಂಗೆಗೆ ಬಣ್ಣದ ದಾರ ಕಟ್ಟಿ, ವಾರಕ್ಕೊಮ್ಮೆ ಕಂಡದ್ದನ್ನು ದಿನಾಂಕಸಹಿತ ಬರೆದಿಡಲಿ. ಚಿಟ್ಟೆಯ ಮೊಟ್ಟೆಯಿಂದ ರೆಕ್ಕೆಯವರೆಗಿನ ಪಯಣಕ್ಕೆ ಮೂರು ನಾಲ್ಕು ವಾರ ಸಾಕು. ಮಳೆಗಾಲದ ಒಂದು ಪರೀಕ್ಷೆಯಿಂದ ಇನ್ನೊಂದು ಪರೀಕ್ಷೆಯೊಳಗೆ ಮುಗಿಯುವ ಪಾಠ. ದುಂಬಿಯ ಕಾಲಿಗೆ ಸಿಕ್ಕಿದ ಪರಾಗಪಿಂಡಗಳನ್ನು ಕಾಣಲು ಬೆಳಗಿನ ಹೊತ್ತು, ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ ಬೇಕು. ಕಾಯಿಗಳನ್ನು ಮಾತ್ರ ಅಧ್ಯಾಪಕರೇ ಕೈಗವಸು ಹಾಕಿಕೊಂಡು ಒಡೆದು ತೋರಿಸಲಿ. ಒಂದೊಂದು ಕಾಯಿಯಲ್ಲಿ ತಿಂದ ಬೀಜವೆಷ್ಟು, ಉಳಿದ ಬೀಜವೆಷ್ಟು ಎಂದು ಎಣಿಸಿ ಬರೆಯುವ ಈ ಕೆಲಸ ಬೇಸಿಗೆಯ ರಜೆಗೆ ಮುನ್ನ ಮುಗಿಯಬೇಕು. ಆಮೇಲೆ ಅವು ತಾವಾಗಿಯೇ ಬಿರಿದು ಗಾಳಿಯ ಪಾಲಾಗುತ್ತವೆ.